ಹಳೇ ಕಾರಿನ ಬ್ರೇಕ್ ಲೈಟ್ ಹೋಲ್ಡರ್ ಕಿಲುಬು ಹಿಡಿದಿದೆಯಾ? ನೀವೇ ಬದಲಾಯಿಸುವುದು ಹೀಗೆ

ಉಡುಪಿಯ ಕರಾವಳಿ ಜಂಕ್ಷನ್ನಿನಲ್ಲಿ ಗಾಡಿ ನಿಂತಿದ್ದಾಗ ಹಿಂದಿದ್ದ ಸ್ಕೂಟರಿನವರು ಪಕ್ಕಕ್ಕೆ ಬಂದು ಕಿಟಕಿಗೆ ಬಗ್ಗಿದರು. "ಮಾರಾಯ್ರೆ, ನಿಮ್ಮ ಎಡಗಡೆ ಬ್ರೇಕ್ ಲೈಟ್ ಉರಿಯುವುದಿಲ್ಲ" ಅಂದರು. ಅದು ಅಪ್ಪನ 2004ರ ಆಲ್ಟೋ. ಅದೇ ಮಳೆಗಾಲದಲ್ಲಿ ಆ ಬಲ್ಬನ್ನು ಎರಡು ಸಲ ಹೊಸದು ಹಾಕಿಸಿದ್ದೆ. ಎರಡು ಸಲವೂ ಒಂದೆರಡು ವಾರ ಉರಿದು ನಿಂತಿತ್ತು. ಮೂರನೇ ಸಲ ನಾನೇ ಬಿಚ್ಚಿ ನೋಡಿದೆ. ಬಲ್ಬಿಗೆ ಏನೂ ಆಗಿರಲಿಲ್ಲ. ಅದು ಕೂರುವ ಹೋಲ್ಡರಿನ ಒಳಗೆಲ್ಲ ಹಸಿರು ಪುಡಿ. ತಳದ ಎರಡು ಪಾಯಿಂಟ್‌ಗಳಲ್ಲಿ ಒಂದು ಒಳಗೇ ಸಿಕ್ಕಿಕೊಂಡಿತ್ತು, ಒತ್ತಿ ಬಿಟ್ಟರೆ ಮೇಲೆ ಬರುತ್ತಲೇ ಇರಲಿಲ್ಲ.

ಹತ್ತು ಹದಿನೈದು ವರ್ಷ ದಾಟಿದ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ. ಅದರಲ್ಲೂ ಕರಾವಳಿಯಲ್ಲಿ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರ ಜೊತೆ ಉಪ್ಪಿನ ಗಾಳಿ. ಹೋಲ್ಡರಿನಲ್ಲಿ ಹಿತ್ತಾಳೆ ಇರುತ್ತದೆ, ಉಕ್ಕಿನ ಸ್ಪ್ರಿಂಗ್ ಇರುತ್ತದೆ, ಸತುವಿನ ಲೇಪ ಇರುತ್ತದೆ. ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಒಂದು ಲೋಹ ಸವೆಯತೊಡಗುತ್ತದೆ. ಅದರ ಮೇಲೆ ಕರೆಂಟೂ ಹರಿದರೆ ಸವೆತ ಇನ್ನೂ ಜೋರು.

ಕಿಲುಬು ಅಂದರೆ ಬರೀ ಕೊಳೆ ಅಲ್ಲ, ಕರೆಂಟಿಗೆ ಅದೊಂದು ಅಡ್ಡಗೋಡೆ. ಬ್ರೇಕ್ ಲೈಟಿನ ಬಲ್ಬಿನೊಳಗೆ ಉರಿಯುವ 21 ವ್ಯಾಟ್ ಎಳೆ (ಫಿಲಮೆಂಟ್) 12 ವೋಲ್ಟಿನಲ್ಲಿ ಸುಮಾರು 1.75 ಆಂಪ್ ಎಳೆಯುತ್ತದೆ. ದಾರಿಯಲ್ಲಿ ಕಿಲುಬಿನಿಂದ ಬರೀ 1 ಓಮ್ ಅಡ್ಡಿ ಬಂದರೆ ಸಾಕು, ಸುಮಾರು ಒಂದೂವರೆ ವೋಲ್ಟ್ ಅಲ್ಲೇ ಹೋಗುತ್ತದೆ. ವೋಲ್ಟೇಜು ಇಳಿದದ್ದಕ್ಕಿಂತ ಬೆಳಕು ಬೇಗ ಇಳಿಯುತ್ತದೆ. ನೂರಕ್ಕೆ ಹತ್ತು ಭಾಗ ವೋಲ್ಟೇಜು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತು ಭಾಗ ಕಡಿಮೆ. ಬಲ್ಬ್ ಉರಿಯುತ್ತಿರುತ್ತದೆ, ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನವರಿಗೆ ಕಾಣುವುದಿಲ್ಲ. ಹೀಗೆ ಕಳೆದುಹೋದ ಶಕ್ತಿ ಎರಡು ವ್ಯಾಟಿನಷ್ಟು ಬಿಸಿಯಾಗಿ ಅಕ್ಕಿಕಾಳಿನಷ್ಟು ಜಾಗದಲ್ಲೇ ಕೂರುತ್ತದೆ. ಹೋಲ್ಡರಿನ ಪ್ಲಾಸ್ಟಿಕ್ ಕರಗಿ ಕಂದಾಗುವುದು ಇದರಿಂದಲೇ.

ಮೊದಲು ರೋಗ ಗೊತ್ತಾಗಲಿ

ಸುಮ್ನೆ ಬಿಚ್ಚಲು ಕೂರಬೇಡಿ. ಒಬ್ಬರನ್ನು ಬ್ರೇಕ್ ಒತ್ತಲು ಕೂರಿಸಿ, ನೀವು ಹಿಂದೆ ನಿಂತು ನೋಡಿ. ಯಾರೂ ಸಿಗದಿದ್ದರೆ ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಸಿಕ್ಕಿಸಿದರೂ ಆಗುತ್ತದೆ.

ಎರಡೂ ಕಡೆಯ ಬ್ರೇಕ್ ಲೈಟ್ ಒಟ್ಟಿಗೇ ಇಲ್ಲ, ಗಾಜಿನ ಹತ್ತಿರದ ಮೂರನೆಯದೂ ಇಲ್ಲ ಅಂದರೆ ಹೋಲ್ಡರ್ ಬಿಟ್ಟುಬಿಡಿ. ಅದು ಫ್ಯೂಸ್, ಇಲ್ಲವೇ ಪೆಡಲಿನ ಮೇಲಿರುವ ಬ್ರೇಕ್ ಸ್ವಿಚ್. ಒಂದೇ ಕಡೆ ಇಲ್ಲದಿದ್ದರೆ ಮಾತ್ರ ಬಲ್ಬ್, ಹೋಲ್ಡರ್, ಅಥವಾ ಆ ಕಡೆಯ ವೈರು.

ಬ್ರೇಕ್ ಒತ್ತಿದಾಗ ಅದೇ ಕಡೆಯ ಇಂಡಿಕೇಟರ್ ಮಂದವಾಗಿ ಮಿನುಗುತ್ತದಾ? ಟೇಲ್ ಲೈಟ್ ಹಾಕಿ ಬ್ರೇಕ್ ಒತ್ತಿದರೆ ಬೆಳಕು ಜಾಸ್ತಿಯಾಗುವ ಬದಲು ಕಡಿಮೆಯಾಗುತ್ತದಾ? ಹಾಗಿದ್ದರೆ ಅರ್ತ್, ಅಂದರೆ ಕರೆಂಟು ಗಾಡಿಯ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ಸು ಹೋಗುವ ದಾರಿ, ಹೋಗಿದೆ. ಕರೆಂಟಿಗೆ ಬೇರೆ ದಾರಿ ಇಲ್ಲ, ಹಾಗಾಗಿ ಪಕ್ಕದ ಬಲ್ಬಿನ ಎಳೆಯ ಮೂಲಕ ನುಗ್ಗುತ್ತಿದೆ. ನನ್ನ ಅನುಭವದಲ್ಲಿ "ಬಲ್ಬ್ ಹೋಯ್ತು" ಅನ್ನುವ ದೂರುಗಳಲ್ಲಿ ಅರ್ತ್ ತೊಂದರೆಯದೇ ದೊಡ್ಡ ಪಾಲು. ಆದರೂ ಅದನ್ನು ನೋಡುವವರು ಕಡಿಮೆ.

ಇನ್ನೊಂದು ವಿಚಿತ್ರ ಇದೆ. ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ಲೈಟು ಹತ್ತುತ್ತದೆ. ಹೋಲ್ಡರ್ ಕರಗಿ ಎರಡು ಪಾಯಿಂಟ್‌ಗಳು ಒಂದಕ್ಕೊಂದು ತಾಗಿರಬಹುದು. ಇಲ್ಲವೇ ಯಾರೋ ಸಿಂಗಲ್ ಪಾಯಿಂಟ್ ಬಲ್ಬನ್ನು ಬಲವಂತವಾಗಿ ತುರುಕಿರಬಹುದು. ಅದರ ಒಂದೇ ದೊಡ್ಡ ತಳ ಎರಡೂ ಪಾಯಿಂಟನ್ನು ಕೂಡಿಸಿಬಿಡುತ್ತದೆ. ಪಾಯಿಂಟ್‌ಗಳಲ್ಲಿ ಒಂದು ಬ್ರೇಕಿನದು, ಒಂದು ಟೇಲಿನದು; ಅವು ಕೂಡಿದರೆ ಬ್ರೇಕಿನ ಕರೆಂಟು ಟೇಲ್ ಲೈಟಿನ ವೈರಿಗೆ, ಅಲ್ಲಿಂದ ಡ್ಯಾಶ್‌ಬೋರ್ಡಿಗೆ ಹೋಗುತ್ತದೆ.

ಅಂಗಡಿಗೆ ಹೋಗುವ ಮೊದಲು

ಹೊಸ ಹೋಲ್ಡರ್ ತರಲು ಹಳೆಯದನ್ನು, ಅದು ಸಾಧ್ಯವಾಗದಿದ್ದರೆ ಅದರ ಫೋಟೋವನ್ನಾದರೂ, ಒಯ್ಯಿರಿ. ಒಂದೇ ಬಲ್ಬಿನಲ್ಲಿ ಟೇಲ್ ಮತ್ತು ಬ್ರೇಕ್ ಎರಡೂ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ 21/5 ವ್ಯಾಟ್ ಬಲ್ಬ್ ಇರುತ್ತದೆ. ಅಂಗಡಿಯಲ್ಲಿ ಡಬಲ್ ಪಾಯಿಂಟ್ ಬಲ್ಬ್ ಅಂದರೆ ಕೊಡುತ್ತಾರೆ. ಅದರ ಹಿತ್ತಾಳೆ ಟೋಪಿಯ ಎರಡು ಮೊಳೆಗಳನ್ನು ಗಮನಿಸಿ: ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ. ಬಲ್ಬ್ ತಿರುಗಿಸಿ ತಪ್ಪಾಗಿ ಕೂರದಿರಲಿ ಅಂತಲೇ ಹಾಗೆ ಮಾಡಿದ್ದಾರೆ. ಬಲವಂತವಾಗಿ ಉಲ್ಟಾ ಕೂರಿಸಿದರೆ ಟೇಲ್ ಲೈಟ್ ಕಣ್ಣು ಕುಕ್ಕುವ ಹಾಗೆ, ಬ್ರೇಕ್ ಲೈಟ್ ಮಂದವಾಗಿ ಉರಿಯುತ್ತದೆ.

ನಿಮ್ಮ ಗಾಡಿಯದೇ ಹೋಲ್ಡರ್ ಸಿಕ್ಕರೆ ಅದೇ ಒಳ್ಳೆಯದು, ಲೈಟಿನ ಹಿಂದಿನ ತೂತಿಗೆ ಸರಿಯಾಗಿ ತಿರುಗಿ ಕೂರುತ್ತದೆ, ರಬ್ಬರ್ ವಾಷರ್ ನೀರು ತಡೆಯುತ್ತದೆ. ಸಿಗದಿದ್ದರೆ ವೈರ್ ಸಮೇತ ಬರುವ ಹೋಲ್ಡರ್ ತನ್ನಿ. ಡಬಲ್ ಪಾಯಿಂಟಿನದಕ್ಕೆ ಮೂರು ವೈರ್ ಇರಬೇಕು. ಎರಡೇ ಇದ್ದರೆ ಅದರ ಅರ್ತ್ ಲೋಹದ ಬಾಡಿಯಿಂದ ಬರುವಂಥದ್ದು, ಪ್ಲಾಸ್ಟಿಕ್ ಲೈಟಿಗೆ ಅದು ನಡೆಯುವುದಿಲ್ಲ. ವೈರು ಕೂದಲಿನಷ್ಟು ತೆಳ್ಳಗಿದ್ದರೆ ಅಂಥದ್ದನ್ನು ಬಿಡಿ. 0.75 ಅಥವಾ 1 ಸ್ಕ್ವೇರ್ ಎಂಎಂ ಇರಲಿ. ಬಲ್ಬ್ ಹಾಕಿ ಒತ್ತಿ ನೋಡಿ, ಸ್ಪ್ರಿಂಗ್ ಗಟ್ಟಿಯಾಗಿ ವಾಪಸ್ಸು ತಳ್ಳಬೇಕು.

ಕೈಗೆ ಬೇಕಾದದ್ದು ಸ್ಕ್ರೂಡ್ರೈವರ್, 8 ಮತ್ತು 10 ನಂಬರ್ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಟೆಸ್ಟ್ ಲ್ಯಾಂಪ್ (ವೈರಿನಲ್ಲಿ ಕರೆಂಟು ಇದ್ದರೆ ಹತ್ತುವ ಸಣ್ಣ ದೀಪ) ಅಥವಾ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಸಣ್ಣ ಎಮರಿ ಪೇಪರ್, ಕಾಂಟ್ಯಾಕ್ಟ್ ಕ್ಲೀನರ್. ಮತ್ತೆ ಸ್ಲೀವ್. ಬಿಸಿ ಮಾಡಿದರೆ ಕುಗ್ಗುವ, ಒಳಗೆ ಅಂಟು ಇರುವ ಸ್ಲೀವನ್ನೇ ಕೇಳಿ ತನ್ನಿ. ಅಂಟಿಲ್ಲದ್ದು ಅಗ್ಗ, ಆದರೆ ನೀರು ತಡೆಯುವುದಿಲ್ಲ.

ಬ್ಯಾಟರಿ ಬಿಚ್ಚಿ, ಕೀ ತೆಗೆದರೆ ಸಾಲದು

ಇದು ಬಹಳ ಜನ ತಪ್ಪುವ ಜಾಗ. ಹೆಚ್ಚಿನ ಹಳೇ ಗಾಡಿಗಳಲ್ಲಿ ಕೀ ತೆಗೆದರೂ ಬ್ರೇಕ್ ಲೈಟ್ ಉರಿಯುತ್ತದೆ. ಪೆಡಲಿಗೆ ಯಾರದೋ ಕಾಲು ತಾಗಿದರೆ ನೀವು ಕತ್ತರಿಸುತ್ತಿರುವ ವೈರಿಗೆ ನೇರ ಬ್ಯಾಟರಿ ಕರೆಂಟು. ಹಾಗಾಗಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ಕೇಬಲ್ ತಾಗದ ಹಾಗೆ ಒಂದು ಬಟ್ಟೆ ಸುತ್ತಿಡಿ. ಪ್ಲಸ್ ಮೊದಲು ಬಿಚ್ಚಬೇಡಿ. ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಸ್ಟೀರಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

ಆದರೆ ಬಿಚ್ಚುವ ಮೊದಲು ಒಂದು ಕೆಲಸ ಬಾಕಿ ಇದೆ. ಯಾವ ವೈರು ಯಾವುದಕ್ಕೆ ಅಂತ ಗುರುತು ಮಾಡಬೇಕು, ಅದಕ್ಕೆ ಕರೆಂಟು ಇರಲೇಬೇಕು. ಆದ್ದರಿಂದ ಮೊದಲು ಲೈಟ್ ಹೊರಗೆ ತೆಗೆಯಿರಿ, ಗುರುತು ಹಾಕಿ, ಆಮೇಲೆ ಬ್ಯಾಟರಿ ಬಿಚ್ಚಿ.

ಲೈಟ್ ಹೊರಗೆ ತೆಗೆಯುವುದು

ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಹಿಂದಿನ ಬಾಗಿಲು ಎತ್ತಿದರೆ ಲೈಟಿನ ಒಳ ಅಂಚಿನಲ್ಲಿ ಸ್ಕ್ರೂಗಳು ಕಾಣುತ್ತವೆ. ಅವನ್ನು ತೆಗೆದು ಲೈಟನ್ನು ನೇರ ಹಿಂದಕ್ಕೆ ಎಳೆಯಬೇಕು. ಹೊರಗಿನ ಅಂಚು ಪಿನ್ನುಗಳ ಮೇಲೆ ಕೂತಿರುತ್ತದೆ. ಪಕ್ಕಕ್ಕೆ ಮೀಟಿದರೆ ಹಳೇ ಪ್ಲಾಸ್ಟಿಕ್ ಚಟ್ ಅಂತ ಮುರಿಯುತ್ತದೆ. ಡಿಕ್ಕಿ ಇರುವ ಗಾಡಿಗಳಲ್ಲಿ ಒಳಗಿನ ಕಾರ್ಪೆಟ್ ಸರಿಸಿದರೆ ಹೋಲ್ಡರಿನ ಹಿಂಭಾಗವೇ ಕೈಗೆ ಸಿಗುವುದುಂಟು, ಕೆಲವದರಲ್ಲಿ ನಟ್ ತೆಗೆದು ಇಡೀ ಲೈಟ್ ಇಳಿಸಬೇಕು. ಅಂಬಾಸಡರ್, ಪದ್ಮಿನಿ ಕಾಲದವಕ್ಕೆ ಹೊರಗಿನಿಂದಲೇ ಕೆಂಪು ಗಾಜಿನ ಸ್ಕ್ರೂ. ತುಕ್ಕು ಹಿಡಿದ ಸ್ಕ್ರೂಗೆ ಹಿಂದಿನ ರಾತ್ರಿಯೇ ಒಂದು ಹನಿ ಎಣ್ಣೆ ಬಿಟ್ಟಿಡಿ.

ಬಿಚ್ಚಿದ ತಕ್ಷಣ ಫೋಟೋ ತೆಗೆಯಿರಿ. ಒಂದಲ್ಲ, ನಾಲ್ಕು ದಿಕ್ಕಿನಿಂದ.

ಬಲ್ಬನ್ನು ಒಳಗೆ ಒತ್ತಿ ಎಡಕ್ಕೆ ತಿರುಗಿಸಿದರೆ ಬರುತ್ತದೆ. ಕಿಲುಬಿನಿಂದ ಅಂಟಿಕೊಂಡಿದ್ದರೆ ಗಾಜು ಕೈಯಲ್ಲೇ ಒಡೆಯಬಹುದು. ದಪ್ಪ ಬಟ್ಟೆ ಸುತ್ತಿ ಹಿಡಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ಒಡೆದೇ ಹೋದರೆ ಬ್ಯಾಟರಿ ಬಿಚ್ಚಿ, ಉಳಿದ ಹಿತ್ತಾಳೆ ಟೋಪಿಯನ್ನು ಪ್ಲೇಯರಿನಿಂದ ಹಿಡಿದು ಒತ್ತಿ ತಿರುಗಿಸಿ. ಹೇಗೂ ಹೋಲ್ಡರ್ ಬದಲಾಯಿಸುತ್ತೀರಿ ತಾನೆ, ಅದು ಹಾಳಾದರೆ ಪರವಾಗಿಲ್ಲ.

ಉಜ್ಜಿದರೆ ಸಾಕಾ, ಬದಲಾಯಿಸಬೇಕಾ?

ತಳದ ಪಾಯಿಂಟ್‌ಗಳನ್ನು ಮರದ ಕಡ್ಡಿಯಿಂದ ಒತ್ತಿ ನೋಡಿ. ಎರಡೂ ಚಟ್ಟನೆ ವಾಪಸ್ಸು ಬಂದರೆ, ಹಸಿರು ತೆಳ್ಳಗಿದ್ದರೆ, ಪ್ಲಾಸ್ಟಿಕ್ ಕಂದಾಗಿಲ್ಲದಿದ್ದರೆ ಎಮರಿ ಪೇಪರ್ ಮತ್ತು ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಸ್ಪ್ರಿಂಗ್ ಸತ್ತಿದ್ದರೆ, ಲೋಹ ಪುಡಿ ಉದುರುತ್ತಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಉಜ್ಜುವುದು ದಂಡ. ಉಜ್ಜಿದ ಮೇಲೆ ಲೇಪವೂ ಹೋಗಿ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ.

ನಮ್ಮ ಮನೆಗಳಲ್ಲಿ ಹಿತ್ತಾಳೆ ಅಂದ ಕೂಡಲೇ ಹುಣಸೆಹಣ್ಣು, ಇಲ್ಲವೇ ನಿಂಬೆಹಣ್ಣು ನೆನಪಾಗುತ್ತದೆ. ದೇವರ ದೀಪ ಫಳಫಳ ಹೊಳೆಯುವುದು ಅದರಿಂದಲೇ, ನಿಜ. ಹೋಲ್ಡರಿಗೆ ಮಾತ್ರ ಬೇಡ. ದೀಪವನ್ನು ಎರಡು ಚೆಂಬು ನೀರಿನಲ್ಲಿ ತೊಳೆದು ಒರೆಸುತ್ತೀರಿ. ಹೋಲ್ಡರಿನ ಸ್ಪ್ರಿಂಗಿನ ಹಿಂದೆ ಸೇರಿದ ಹುಳಿ ತೊಳೆದು ಹೋಗುವುದಿಲ್ಲ. ಅಲ್ಲೇ ಕೂತು ಲೋಹ ತಿನ್ನುತ್ತದೆ.

ವೈರಿನ ಗುರುತು

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಕಪ್ಪು ಸಾಮಾನ್ಯವಾಗಿ ಅರ್ತ್, ಆದರೆ ಇಪ್ಪತ್ತು ವರ್ಷದ ಗಾಡಿಗೆ ಎಷ್ಟು ಕೈ ಬಿದ್ದಿದೆಯೋ ಯಾರಿಗೆ ಗೊತ್ತು. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಣ್ಣ ಇಲ್ಲದ ಬಾಡಿ ಲೋಹಕ್ಕೆ ಸಿಕ್ಕಿಸಿ. ಪಾರ್ಕ್ ಲೈಟ್ ಮಾತ್ರ ಹಾಕಿ. ಯಾವ ವೈರಿನಲ್ಲಿ ಲ್ಯಾಂಪ್ ಹತ್ತುತ್ತದೋ ಅದು ಟೇಲ್. ಲೈಟ್ ಆರಿಸಿ ಬ್ರೇಕ್ ಒತ್ತಿಸಿ. ಈಗ ಹತ್ತುವುದು ಬ್ರೇಕ್. ಯಾವಾಗಲೂ ಹತ್ತದೇ ಉಳಿದದ್ದು ಅರ್ತ್. ಆ ಕ್ಲಿಪ್ಪನ್ನು ಈಗ ಬ್ಯಾಟರಿಯ ಪ್ಲಸ್‌ನಿಂದ ಬರುವ ಒಂದು ವೈರಿಗೆ ಹಾಕಿ ಅರ್ತ್ ವೈರು ಮುಟ್ಟಿ. ಲ್ಯಾಂಪ್ ಚೆನ್ನಾಗಿ ಉರಿದರೆ ಅರ್ತ್ ಪೂರ್ತಿ ಸತ್ತಿಲ್ಲ ಅಂತ ಲೆಕ್ಕ. ಮೂರಕ್ಕೂ ಬಿಳಿ ಟೇಪಿನ ತುಂಡು ಸುತ್ತಿ ಪೆನ್ನಿನಲ್ಲಿ ಬರೆಯಿರಿ: ಟೇ, ಬ್ರೇ, ಅ.

ಹೊಸ ಹೋಲ್ಡರಿಗೂ ಇದೇ ಕೆಲಸ. ಹೊಸ 21/5 ಬಲ್ಬ್ ಹಾಕಿ, ಅದರ ವೈರುಗಳನ್ನು ಬ್ಯಾಟರಿಗೆ ಮುಟ್ಟಿಸಿ. ಜೋರಾಗಿ ಉರಿದದ್ದು ಬ್ರೇಕಿನದು, ಮಂದ ಉರಿದದ್ದು ಟೇಲಿನದು. ಎರಡು ನಿಮಿಷದ ಕೆಲಸ, ಆದರೆ ಬೆಸುಗೆ ಮುಗಿದ ಮೇಲೆ ಮತ್ತೆ ಬಿಚ್ಚುವುದು ತಪ್ಪುತ್ತದೆ.

ಈಗ ಬ್ಯಾಟರಿ ಬಿಚ್ಚಿ.

ಕೂಡಿಸುವುದು: ಇಲ್ಲಿ ಅವಸರ ಬೇಡ

ಹೋಲ್ಡರ್ ಎಷ್ಟೇ ಒಳ್ಳೆಯದಿರಲಿ, ವೈರು ಕೂಡಿಸಿದ ಜಾಗ ಕೆಟ್ಟದಾಗಿದ್ದರೆ ಮುಂದಿನ ಮಳೆಗಾಲಕ್ಕೆ ನೀವು ಮತ್ತೆ ಅಲ್ಲೇ. ಸುಮ್ನೆ ತಿರುಚಿ ಟೇಪ್ ಸುತ್ತುವುದು ನಮ್ಮಲ್ಲಿ ರೂಢಿ. ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಸಂದಿಯಲ್ಲಿ ನೀರು ಇಳಿಯುತ್ತದೆ. ಆ ನೀರು ಅಲ್ಲೇ ನಿಲ್ಲುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ತಾಮ್ರದ ಎಳೆಗಳು ನೀರನ್ನು ಪ್ಲಾಸ್ಟಿಕ್ಕಿನ ಒಳಗೇ ಎಳೆದುಕೊಳ್ಳುತ್ತವೆ.

ಅದಕ್ಕೇ ಹಳೇ ವೈರನ್ನು ಕತ್ತರಿಸಿದ ಮೇಲೆ ತುದಿಯನ್ನು ಸುಲಿದು ಹತ್ತಿರದಿಂದ ನೋಡಿ. ನನ್ನ ಆಲ್ಟೋದಲ್ಲಿ ಮೊದಲ ಒಂದು ಇಂಚು ಎಳೆಗಳು ಇದ್ದಿಲಿನ ಹಾಗೆ ಕಪ್ಪು. ಉಗುರಿನಿಂದ ಕೆರೆದರೂ ಕೆಂಪು ಕಾಣಲಿಲ್ಲ. ಇನ್ನೊಂದು ಇಂಚು ಕತ್ತರಿಸಿದೆ, ಕಂದು. ಮೂರನೇ ಸಲ ಕತ್ತರಿಸಿದಾಗ ಹೊಸ ಪೈಸೆಯ ಹಾಗೆ ಹೊಳೆಯುವ ತಾಮ್ರ ಬಂತು. ಅಲ್ಲಿವರೆಗೂ ಹೋಗಬೇಕು. ಕಪ್ಪು ಎಳೆಗೆ ಸೋಲ್ಡರ್ ಹಿಡಿಯುವುದೇ ಇಲ್ಲ, ಗುಂಡಾಗಿ ಉದುರುತ್ತದೆ. ವೈರು ಗಿಡ್ಡವಾದರೆ ಅದೇ ದಪ್ಪದ ಹೊಸ ತುಂಡು ಸೇರಿಸಿ, ಎಳೆದು ಬಿಗಿ ಮಾಡಬೇಡಿ.

ಮೂರು ವೈರನ್ನೂ ಒಂದೇ ಅಳತೆಗೆ ಕತ್ತರಿಸಬೇಡಿ. ಒಂದಕ್ಕಿಂತ ಇನ್ನೊಂದು ಎರಡು ಬೆರಳು ಹೆಚ್ಚು ಕಡಿಮೆ ಇರಲಿ. ಆಗ ಗಂಟುಗಳು ಒಂದರ ಪಕ್ಕ ಒಂದು ಬರುವುದಿಲ್ಲ, ಯಾವುದಾದರೂ ಸ್ಲೀವ್ ಸವೆದರೂ ಒಂದಕ್ಕೊಂದು ತಾಗುವುದಿಲ್ಲ.

ಸ್ಲೀವನ್ನು ಮೊದಲೇ ವೈರಿಗೆ ತೂರಿಸಿ, ದೂರ ಸರಿಸಿಡಿ. ಬೆಸುಗೆ ಮುಗಿದ ಮೇಲೆ ತೂರಿಸಲು ಜಾಗವೇ ಇರುವುದಿಲ್ಲ.

ತಲಾ ಅರ್ಧ ಇಂಚು ಸುಲಿದು, ಎರಡು ತುದಿಗಳನ್ನು ಒಂದರೊಳಗೊಂದು ಹೊಕ್ಕಿಸಿ ತಿರುಚಿ. ಗಂಟು ವೈರಿನ ನೇರಕ್ಕೇ ಇರಬೇಕು, ಪಕ್ಕಕ್ಕೆ ಕೊಂಬಿನ ಹಾಗೆ ನಿಲ್ಲಬಾರದು. ಐರನ್ನನ್ನು ವೈರಿನ ಕೆಳಗೆ ಹಿಡಿದು, ಸೋಲ್ಡರನ್ನು ಮೇಲಿನಿಂದ ವೈರಿಗೆ ಮುಟ್ಟಿಸಿ. ವೈರೇ ಬಿಸಿಯಾಗಿ ಸೋಲ್ಡರನ್ನು ಕುಡಿಯಬೇಕು. ಐರನ್ನಿಗೆ ಸೋಲ್ಡರ್ ಮುಟ್ಟಿಸಿ ಮೇಲೆ ಸುರಿದರೆ ಅದು ಬೆಸುಗೆ ಅಲ್ಲ, ಬರೀ ಮುಚ್ಚಳ. ಎಳೆಗಳ ಆಕಾರ ಸೋಲ್ಡರಿನ ಅಡಿಯಲ್ಲಿ ಕಾಣುತ್ತಿದ್ದರೆ ಸರಿಯಾಗಿದೆ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ರಾಳದ್ದೇ ಇರಲಿ. ತಗಡು ಬೆಸೆಯುವವರ ಆ್ಯಸಿಡ್ ಬೇಡ, ಅದೂ ಹುಣಸೆಹಣ್ಣಿನ ಕಥೆಯೇ.

ಬೆಸುಗೆ ತಣ್ಣಗಾದ ಮೇಲೆ ಸ್ಲೀವ್ ಸರಿಸಿ, ಲೈಟರಿನ ಜ್ವಾಲೆಯನ್ನು ದೂರದಿಂದ ಆಡಿಸುತ್ತಾ ಕುಗ್ಗಿಸಿ. ಎರಡೂ ತುದಿಯಲ್ಲಿ ಅಂಟು ಸಣ್ಣ ಉಂಗುರದ ಹಾಗೆ ಹೊರಬರಬೇಕು. ಪೆಟ್ರೋಲ್ ಮುಚ್ಚಳ ಟೇಲ್ ಲೈಟಿಗೆ ಬಹಳ ಹತ್ತಿರ ಇರುತ್ತದೆ. ಪೆಟ್ರೋಲ್ ವಾಸನೆ ಒಂದು ಚೂರು ಬಂದರೂ ಬೆಂಕಿ ಮುಟ್ಟಬೇಡಿ, ಹಾಟ್ ಏರ್ ಗನ್ನೂ ಬೇಡ. ಆಗ ಅಂಟಿನ ಸ್ಲೀವ್ ಇರುವ ಕ್ರಿಂಪ್ ಕನೆಕ್ಟರ್ (ಎರಡು ವೈರನ್ನು ಒತ್ತಿ ಹಿಡಿಯುವ ಲೋಹದ ಕೊಳವೆ) ಒತ್ತಿ, ಕುಗ್ಗಿಸುವುದನ್ನು ಗಾಳಿ ಆಡುವ ಜಾಗದಲ್ಲಿ ಆಮೇಲೆ ಮಾಡಿ. ಸರಿಯಾದ ಕ್ರಿಂಪಿಂಗ್ ಪ್ಲೇಯರ್ ಇದ್ದರೆ ಕ್ರಿಂಪೂ ಬೆಸುಗೆಯಷ್ಟೇ ಒಳ್ಳೆಯದು. ಸಾದಾ ಪ್ಲೇಯರಿನಲ್ಲಿ ಜಜ್ಜುವುದಾದರೆ ಬೆಸುಗೆಯೇ ವಾಸಿ.

ಬೆಸುಗೆಯ ಪಕ್ಕದ ವೈರು ಗಡುಸಾಗಿರುತ್ತದೆ, ಗಾಡಿ ಕುಲುಕಿದಾಗ ಅಲ್ಲೇ ತುಂಡಾಗುವುದು. ಅದಕ್ಕೆ ಮೂರನ್ನೂ ಸೇರಿಸಿ ಕೇಬಲ್ ಟೈಯಿಂದ ಬಾಡಿಗೆ ಕಟ್ಟಿ.

ಅರ್ತ್ ಪಾಯಿಂಟ್

ಅರ್ತ್ ವೈರನ್ನು ಹಿಡಿದು ಹೋದರೆ ಡಿಕ್ಕಿಯ ಒಳಗೆ ಎಲ್ಲೋ ಒಂದು ಬೋಲ್ಟಿನಲ್ಲಿ ಮುಗಿಯುತ್ತದೆ. ಬಿಚ್ಚಿ ನೋಡಿ, ವೈರಿನ ರಿಂಗಿನ ಅಡಿಯಲ್ಲಿ ತುಕ್ಕು ಇದ್ದೇ ಇರುತ್ತದೆ. ರಿಂಗನ್ನೂ ಬಾಡಿಯನ್ನೂ ಎಮರಿಯಿಂದ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಹೋಲ್ಡರ್ ಬದಲಾಯಿಸಿ ಇದನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ.

ಗ್ರೀಸ್, ರಬ್ಬರ್, ನೀರಿನ ತೂತು

ಹೊಸ ಬಲ್ಬಿನ ತಳಕ್ಕೂ ಪಕ್ಕದ ಹಿತ್ತಾಳೆಗೂ ಸಿಲಿಕಾನ್ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಿ. ಈ ಗ್ರೀಸಿನಲ್ಲಿ ಕರೆಂಟು ಹರಿಯುವುದಿಲ್ಲ, ಹಾಗಾದರೆ ಹೇಗೆ ಅಂತ ಕೇಳುತ್ತಾರೆ. ಸ್ಪ್ರಿಂಗ್ ಒತ್ತಿದ ಜಾಗದಲ್ಲಿ ಗ್ರೀಸ್ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ತಾಗುತ್ತದೆ. ಸುತ್ತ ಉಳಿದದ್ದು ನೀರು ಬಾರದಂತೆ ತಡೆಯುತ್ತದೆ. ಮುದ್ದೆಯಾಗಿ ತುಂಬಬೇಡಿ, ತೆಳುವಾಗಿದ್ದರೇ ಚೆನ್ನ.

ಲೈಟಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಲೈಟಿನ ಕೆಳಗಡೆ ಸಣ್ಣ ತೂತು ಇದ್ದರೆ ಅದರ ಮಣ್ಣನ್ನು ಕಡ್ಡಿಯಿಂದ ತೆಗೆಯಿರಿ. ಒಳಗೆ ಸೇರಿದ ನೀರು, ಬೆವರಿದ ಹಬೆ ಹೊರಗೆ ಹೋಗಲು ಇರುವ ದಾರಿ ಅದು. ನೀರು ಬರುತ್ತದೆ ಅಂತ ಅದನ್ನು ಸಿಲಿಕಾನ್ ಹಾಕಿ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಲೈಟು ಅಕ್ವೇರಿಯಂ ಆಗುತ್ತದೆ.

ಕೊನೆಗೆ ಪರೀಕ್ಷೆ

ಬ್ಯಾಟರಿ ಹಾಕಿ. ಲೈಟನ್ನು ಪೂರ್ತಿ ಕೂರಿಸುವ ಮೊದಲೇ ಎಲ್ಲವನ್ನೂ ಸೇರಿಸಿ ನೋಡಿ: ಬರೀ ಬ್ರೇಕ್, ಬರೀ ಟೇಲ್, ಟೇಲ್ ಜೊತೆ ಬ್ರೇಕ್, ಅದರ ಮೇಲೆ ಇಂಡಿಕೇಟರ್, ರಿವರ್ಸ್. ಒಂದು ಹಾಕಿದಾಗ ಇನ್ನೊಂದು ಮಂದವಾಗಬಾರದು, ಮಿನುಗಲೂ ಬಾರದು.

ಮಲ್ಟಿಮೀಟರ್ ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಬ್ರೇಕ್ ಒತ್ತಿ ಬಲ್ಬ್ ಉರಿಯುತ್ತಿರುವಾಗಲೇ ಒಂದು ಕಡ್ಡಿಯನ್ನು ಹೋಲ್ಡರಿನ ಅರ್ತ್‌ಗೆ, ಇನ್ನೊಂದನ್ನು ಬಾಡಿಯ ಬೋಲ್ಟಿಗೆ ಇಡಿ. 0.2 ವೋಲ್ಟಿಗಿಂತ ಕಡಿಮೆ ಬಂದರೆ ಅರ್ತ್ ಗಟ್ಟಿಯಾಗಿದೆ. ಆಮೇಲೆ ಬ್ಯಾಟರಿಯ ವೋಲ್ಟೇಜನ್ನೂ ಹೋಲ್ಡರಿನ ಬ್ರೇಕ್ ಪಾಯಿಂಟಿನ ವೋಲ್ಟೇಜನ್ನೂ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿನ ಆಸುಪಾಸು ಇದ್ದರೆ ಹಳೇ ಗಾಡಿಗೆ ಬಹಳ ಚೆನ್ನಾಗಿದೆ. ಒಂದಕ್ಕಿಂತ ಜಾಸ್ತಿ ಇದ್ದರೆ ಬ್ರೇಕ್ ಸ್ವಿಚ್, ಫ್ಯೂಸಿನ ಕಾಲು, ನಡುವೆ ವೈರುಗಳು ಕೂಡುವ ಕಪ್ಲರ್ ಇವುಗಳಲ್ಲಿ ಎಲ್ಲೋ ಇನ್ನೂ ಕಿಲುಬಿದೆ. ಬಲ್ಬ್ ತೆಗೆದು ಅಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕರೆಂಟು ಹರಿಯುವಾಗ ಮಾತ್ರ ಕಿಲುಬು ಸಿಕ್ಕಿಬೀಳುವುದು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 102ನೇ ನಿಯಮ ಇಂಡಿಕೇಟರ್ ಜೊತೆ ಬ್ರೇಕ್ ಲೈಟಿನ ಬಗ್ಗೆಯೂ ಹೇಳುತ್ತದೆ. 15 ವರ್ಷ ತುಂಬಿದ ಗಾಡಿಯನ್ನು ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಒಯ್ದಾಗ ಲೈಟುಗಳನ್ನು ನೋಡಿಯೇ ನೋಡುತ್ತಾರೆ. ಆ ಕೆಲಸ ಹತ್ತಿರ ಇದ್ದರೆ ಎರಡೂ ಕಡೆಯ ಹೋಲ್ಡರನ್ನು ಒಟ್ಟಿಗೇ ಬದಲಾಯಿಸಿ. ಎರಡೂ ಅದೇ ಮಳೆಯಲ್ಲಿ ನೆನೆದಿರುತ್ತವೆ.

ಇನ್ನು ಎಲ್‌ಇಡಿ ಬಲ್ಬ್ ಹಾಕಿದರೆ ಹೋಲ್ಡರಿನ ತೊಂದರೆ ಹೋಗುತ್ತದಾ ಅಂತ ಕೇಳುವವರಿಗೆ: ಇಲ್ಲ. ಬಿಸಿ ಕಡಿಮೆ, ನಿಜ. ಸ್ಪ್ರಿಂಗ್ ಸತ್ತ ಹೋಲ್ಡರಿನಲ್ಲಿ ಅದೂ ಮಿಣುಕುತ್ತದೆ.

ನಮ್ಮ ಆಲ್ಟೋದ ಎರಡೂ ಕಡೆ ಹೋಲ್ಡರ್ ಬದಲಾಯಿಸಿ ಎರಡು ಮಳೆಗಾಲ ಆಯಿತು. ಮೊನ್ನೆ ಮಳೆ ಶುರುವಾಗುವ ಮೊದಲು ಬಿಚ್ಚಿ ನೋಡಿದೆ. ಪಾಯಿಂಟ್‌ಗಳು ಹಳದಿಯಾಗಿಯೇ ಇದ್ದವು. ಗ್ರೀಸ್ ಒಂದು ಸಲ ಹೊಸದಾಗಿ ಸವರಿ ಮುಚ್ಚಿದೆ.